ಮಾರ್ಚ್ ಬೆಂಕಿಗೆ ಅಕ್ಟೋಬರ್‌ನಲ್ಲೇ ಅರ್ಜಿ ಹಾಕಿ

ನಾನು ಚಿತ್ರದುರ್ಗದಲ್ಲಿ ಫಾರೆಸ್ಟರ್ ಆಗಿದ್ದು ನಿವೃತ್ತನಾದವನು. ಊರಿನ ಪಕ್ಕದ ಜೋಗಿಮಟ್ಟಿ ಕಾಡಿನ ಬೆಂಕಿಯನ್ನು ಹತ್ತಿರದಿಂದ ನೋಡಿದ್ದೇನೆ. ಪೆನ್ಷನ್ ಬಂತು, ಇನ್ನು ಕಾಡಿನ ಗೊಡವೆ ನಮಗ್ಯಾಕೆ ಅನ್ನುವ ಹಳೆಯ ಗೆಳೆಯರಿಗೆ, ಕಾಡಂಚಿನ ಊರಿನವರಿಗೆ ಇದನ್ನು ಬರೆಯುತ್ತಿದ್ದೇನೆ. ಮಾರ್ಚ್‌ನಲ್ಲಿ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿದರೆ ಉಳಿಯುವ ಕಾಡಿಗಿಂತ, ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಗೆ ಸರಿಯಾದ ಅರ್ಜಿ ಹಾಕಿದರೆ ಉಳಿಯುವ ಕಾಡೇ ಜಾಸ್ತಿ. ಆ ಅರ್ಜಿ ಹಾಕುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ನಾಲ್ಕೈದು ಜನ ಸೇರಿ. ಎಲ್ಲರೂ ಆಫೀಸರ್‌ಗಳೇ ಆಗಿದ್ದರೆ ಪ್ರಯೋಜನವಿಲ್ಲ. ಬೀಟ್‌ನ, ಅಂದರೆ ಒಬ್ಬ ಗಾರ್ಡ್ ಕಾಯುವ ಕಾಡಿನ ಭಾಗದ, ಹಳ್ಳ-ದಿಣ್ಣೆ ಗೊತ್ತಿರುವ ಒಬ್ಬ ಹಳೆಯ ಗಾರ್ಡ್ ಬೇಕು. ಬೇಸಿಗೆ ಕಾವಲಿಗೆ ಬರುತ್ತಿದ್ದ ಒಬ್ಬ ವಾಚರ್ ಬೇಕು. ಫೈಲ್ ಎಲ್ಲಿ ನಿಲ್ಲುತ್ತದೆ ಅಂತ ಬಲ್ಲ ಒಬ್ಬ ಗುಮಾಸ್ತ ಇದ್ದರಂತೂ ಅರ್ಧ ಕೆಲಸ ಆದಂತೆ.

ಆಮೇಲೆ ಒಂದು ನಕ್ಷೆ ಮಾಡಿಕೊಳ್ಳಿ. ಹಿಂದಿನ ವರ್ಷಗಳಲ್ಲಿ ಎಲ್ಲೆಲ್ಲಿ ಸುಟ್ಟಿತ್ತು, ಬೇಸಿಗೆಯಲ್ಲೂ ನೀರಿರುವ ಗುಂಡಿ ಯಾವುದು, ಜೀಪ್ ಹೋಗುವ ಹಳೆಯ ಬಂಡಿದಾರಿ ಯಾವುದು, ಯಾವ ಹೊಲದ ಬದು ಕಾಡಿಗೆ ತಾಗುತ್ತದೆ, ಎಲ್ಲ ಗುರುತು ಹಾಕಿ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹ ನೋಡಿದ ಬೆಂಕಿಯ ಎಚ್ಚರಿಕೆಯನ್ನು ಮೊಬೈಲ್‌ಗೆ ಕಳಿಸುತ್ತದೆ. ಅವರ ತಾಣದಲ್ಲಿ ಸಾಮಾನ್ಯ ಜನರೂ ಹೆಸರು ನೋಂದಾಯಿಸಬಹುದು. ಆದರೆ ಬೆಂಕಿ ಇದೆ ಅಂತ ಅದು ತೋರಿಸುವ ಚುಕ್ಕೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಚೆನ್ನಾಗಿ ನೋಡುವ ಉಪಗ್ರಹಕ್ಕೂ ಒಂದು ಚುಕ್ಕೆ ಅಂದರೆ ಸುಮಾರು 375 ಮೀಟರ್ ಅಗಲದ ಜಾಗ. ಕೆಲವು ಸಲ ಹೋಗಿ ನೋಡಿದರೆ ಪಕ್ಕದ ಹೊಲದಲ್ಲಿ ಮೆಕ್ಕೆಜೋಳದ ರವದಿ ಸುಟ್ಟಿರುತ್ತಾರೆ.

ಈಗ ಬೆಂಕಿ ಗೆರೆಯ ವಿಚಾರ. ಬೆಂಕಿ ದಾಟದಿರಲಿ ಅಂತ ಕಾಡಿನಲ್ಲಿ ಹುಲ್ಲು-ತರಗು ತೆಗೆದು ಬೋಳು ಮಾಡುವ ಪಟ್ಟಿ ಅದು. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಚಳಿಗಾಲದಲ್ಲಿ ಗೆರೆಯ ಹುಲ್ಲು ಕೊಯ್ದು, ಇಬ್ಬನಿ ಇರುವಾಗಲೇ ಸುಟ್ಟು, ಫೋಟೊ ತೆಗೆದು ಬಿಲ್ ಮಾಡುತ್ತಾರೆ. ಕೆಲಸ ನಿಜವಾಗಿಯೂ ಆಗಿರುತ್ತದೆ, ಸುಳ್ಳಲ್ಲ. ಆದರೆ ನಮ್ಮದು ಎಲೆ ಉದುರುವ ಕಾಡು ಅಲ್ವಾ? ಫೆಬ್ರವರಿ ಕಳೆಯುವಷ್ಟರಲ್ಲಿ ದಿಂಡಿಗ, ಮತ್ತಿ ಎಲ್ಲ ಬೋಳಾಗಿ ತರಗು ಅದೇ ಗೆರೆಯ ಮೇಲೆ ಬಿದ್ದಿರುತ್ತದೆ. ಗೆರೆಯ ನಡುವೆ ನಿಂತು ಕಾಲಿನಿಂದ ಒಮ್ಮೆ ಕೆರೆದು ನೋಡಿ. ಕೆಂಪು ಮಣ್ಣು ಸಿಕ್ಕರೆ ಗೆರೆ ಗಟ್ಟಿ. ಪಾದ ಮುಳುಗುವಷ್ಟು ತರಗು ಸರಸರ ಅಂದರೆ ಬೆಂಕಿ ಆ ಗೆರೆಯನ್ನು ಆರಾಮಾಗಿ ದಾಟುತ್ತದೆ. ಅದಕ್ಕೇ ನಮ್ಮ ಮೊದಲ ಬೇಡಿಕೆ, ಎಲೆ ಉದುರಿದ ಮೇಲೆ ಎರಡನೇ ಸಲ ಗೆರೆ ಗುಡಿಸಲು ಕೂಲಿ. ಹೊಸ ಗೆರೆ ಎಷ್ಟು ಕಿಲೋಮೀಟರ್ ಅಂತ ಜಗಳ ಆಡುವುದಕ್ಕಿಂತ ಇದು ಮುಖ್ಯ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದು ಮಾತು: ಜೋಗಿಮಟ್ಟಿ ಈಗ ವನ್ಯಜೀವಿ ಧಾಮ. ಗೆರೆ ನೋಡಲು ಒಳಗೆ ಹೋಗುವ ಮುಂಚೆ ಅನುಮತಿ ತೆಗೆದುಕೊಳ್ಳಿ. ನಿವೃತ್ತರಿಗೂ ಅದು ಬೇಕು.

ಎರಡನೇ ಬೇಡಿಕೆ ವಾಚರ್‌ಗಳ ಕೂಲಿ. ಬೆಂಕಿ ಕಾಲ ಫೆಬ್ರವರಿಯಿಂದ ಮೇವರೆಗೆ. ಸರ್ಕಾರದ ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅಂದರೆ ಕಾಡು ಅತಿ ಹೆಚ್ಚು ಒಣಗಿರುವ ಹೊತ್ತಿಗೇ ಹಳೆಯ ಹಣ ಮುಗಿದು ಹೊಸ ಹಣ ಬಂದಿರುವುದಿಲ್ಲ. ಏಪ್ರಿಲ್ ಕೂಲಿಗೆ ಮೊದಲೇ ದಾರಿ ಮಾಡಿಡಿ ಅಂತ ಅಕ್ಟೋಬರ್‌ನಲ್ಲೇ ಬರೆದು ಕೊಡಿ. ಬುತ್ತಿ ಕಟ್ಟಿಕೊಂಡು ಬಿಸಿಲಲ್ಲಿ ಗುಡ್ಡ ಕಾಯುವವನಿಗೆ ಕೂಲಿ ಬಾಕಿ ಇಟ್ಟು ಕಾಡು ಉಳಿಸುತ್ತೇವೆ ಅನ್ನುವುದು ಸರಿಯಲ್ಲ.

ಅರ್ಜಿ ಒಂದು ಪುಟ ಸಾಕು. ಬೇಡಿಕೆ ಮೂರು ದಾಟದಿರಲಿ. ತಾರೀಖು ಇರುವ ಫೋಟೊ ಲಗತ್ತಿಸಿ. ಮೊದಲು ವಲಯ ಅರಣ್ಯಾಧಿಕಾರಿ ಹತ್ತಿರ ಕೂತು ಮಾತಾಡಿ, ಆಮೇಲೆ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅವರ ಬೆನ್ನ ಹಿಂದೆ ಹೋಗಬೇಡಿ. ಕೆಲಸ ಮಾಡಬೇಕಾದವರು ಅವರೇ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಹಾಗಾಗಿ ಗೆರೆಗೆ ಒಂದು, ಕೂಲಿಗೆ ಇನ್ನೊಂದು ಹಾಕಿ.

ಇಲಾಖೆ ಒಂದನ್ನೇ ಕೇಳಿದರೆ ಸಾಲದು. ನಮ್ಮ ಕಡೆ ಕಾಡಿಗೆ ಬೆಂಕಿ ತಾನಾಗಿ ಬೀಳುವುದಿಲ್ಲ, ಮನುಷ್ಯನ ಕೈಯಿಂದಲೇ ಬೀಳುತ್ತದೆ. ಗ್ರಾಮಸಭೆಗೆ ಹೋಗಿ, ಕುರಿ ಕಾಯುವವರ ಜೊತೆ ಕೂರಿ. ಕಾಯ್ದೆ ಓದಿ ಹೆದರಿಸಬೇಡಿ. ನಮ್ಮೂರ ಹತ್ತಿರದ ಒಬ್ಬ ಹಿರಿಯ ಕುರಿಗಾಹಿ ನನ್ನ ಮುಖಕ್ಕೇ ಹೇಳಿದ, "ಸುಟ್ಟ ಜಾಗದಾಗೆ ಚಿಗುರು ಚೆನ್ನಾಗಿ ಬರ್ತದೆ ಸ್ವಾಮಿ, ನಿಮಗೇನು ಗೊತ್ತು?" ಚಿಗುರು ಬರುವುದು ನಿಜ, ಅದನ್ನು ಒಪ್ಪಿಕೊಂಡೆ. ಆಮೇಲೆ ಅವನನ್ನೇ ಗುಡ್ಡಕ್ಕೆ ಕರೆದುಕೊಂಡು ಹೋಗಿ, ವರ್ಷವರ್ಷ ಸುಡುವ ಕಡೆ ಏನು ಬೆಳೆದಿದೆ ತೋರಿಸು ಅಂದೆ. ಅಲ್ಲಿದ್ದದ್ದು ಬರೀ ಒರಟು ವಾಸನೆ ಹುಲ್ಲು, ಕುರಿ ಬಾಯಿ ಹಾಕುವುದಿಲ್ಲ. ಕಗ್ಗಲಿ, ದಿಂಡಿಗದ ಒಂದು ಸಸಿಯೂ ಇರಲಿಲ್ಲ. ಅವನು ಬಗ್ಗಿ ಒಂದು ಬುಡ ಕಿತ್ತು ಮೂಸಿ ನೋಡಿದ. ಈಗ ಹೊಗೆ ಕಂಡರೆ ಮೊದಲ ಫೋನ್ ಅವನದೇ.

ಹಾಗಂತ ಬೆಂಕಿಯೇ ಬೇಡ ಅನ್ನುವವನಲ್ಲ ನಾನು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮುಂಚೆ ತರಗು ಬೆಂಕಿ ಹಾಕುತ್ತಿದ್ದರು, ಅದು ನೆಲದ ತರಗು ಸುಟ್ಟು ತಣ್ಣಗಾಗುತ್ತಿತ್ತು. ಎಲ್ಲಿ, ಯಾವಾಗ, ಯಾರ ಕಾವಲಿನಲ್ಲಿ ಸುಡಬೇಕು ಅನ್ನುವುದು ಇಲಾಖೆಯ ಯೋಜನೆಯಲ್ಲಿ ಇರಬೇಕು. ನಮ್ಮ ಮೂರನೇ ಬೇಡಿಕೆ ಅದು. ಜಗಳೂರಿನ ರಂಗಯ್ಯನದುರ್ಗ ಧಾಮದಂಥ ಕಡೆ ಇನ್ನೂ ಎಚ್ಚರ ಬೇಕು. ಅಲ್ಲಿನ ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆ, ಹುಲ್ಲು-ಪೊದೆಯ ಮರೆಯಲ್ಲೇ ಬದುಕುವ ಪ್ರಾಣಿ. ಮನಸ್ಸಿಗೆ ಬಂದಂತೆ ಸುಮ್ನೆ ಕಡ್ಡಿ ಗೀರಿದರೆ ಅದು ಅಪರಾಧ.

ಬೆಂಕಿ ಬಿದ್ದೇ ಬಿಟ್ಟರೆ ಅರಣ್ಯ ಸಹಾಯವಾಣಿ 1926 ಅಥವಾ 112ಕ್ಕೆ ಫೋನ್ ಮಾಡಿ, ಬೀಟ್ ಗಾರ್ಡ್‌ಗೆ ತಿಳಿಸಿ. ಅರವತ್ತು ದಾಟಿದವರು ಬೆಂಕಿಯ ಮುಂದೆ ನಿಲ್ಲಬೇಡಿ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಒಬ್ಬ ಯುವ ಅರಣ್ಯ ರಕ್ಷಕ ಬೆಂಕಿ ನಂದಿಸುತ್ತಲೇ ಪ್ರಾಣ ಬಿಟ್ಟ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತದೆ, ಅದರ ಮೇಲ್ಗಡೆ ಯಾರೂ ಇರಬಾರದು. ನೈಲಾನ್ ಬಟ್ಟೆ ಬೇಡ, ಹತ್ತಿ ಬಟ್ಟೆಯೇ ಇರಲಿ. ಸಿಕ್ಕಿಕೊಂಡರೆ ಆಗಲೇ ಸುಟ್ಟು ಆರಿದ ನೆಲಕ್ಕೆ ಸರಿಯಬೇಕು. ನಮ್ಮ ಕೆಲಸ ಕೆಳಗೆ ರಸ್ತೆಯಲ್ಲಿ. ನೀರಿನ ಕ್ಯಾನ್ ಇಟ್ಟುಕೊಂಡು, ಮೇಲೆ ಹೋದವರ ಹೆಸರು ಬರೆದುಕೊಂಡು, ಇಳಿದು ಬಂದವರ ಹೆಸರಿಗೆ ಗುರುತು ಹಾಕುತ್ತಾ ಕೂರುವುದು. ಎಷ್ಟೋ ಕಡೆ ಈ ಪಟ್ಟಿಯೇ ಇರುವುದಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಸುಟ್ಟ ಜಾಗಗಳನ್ನು ಗಾರ್ಡ್ ಜೊತೆ ಸುತ್ತಿ, ಬೆಂಕಿ ಎಲ್ಲಿ ಹತ್ತಿತು, ಯಾವ ಗೆರೆ ತಡೆಯಿತು, ಯಾವುದು ತಡೆಯಲಿಲ್ಲ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಮುಂದಿನ ಅಕ್ಟೋಬರ್ ಅರ್ಜಿಗೆ ಅದೇ ಆಧಾರ. ಒಂದು ಪ್ರತಿ ವಲಯ ಕಚೇರಿಗೆ, ಇನ್ನೊಂದು ಗ್ರಾಮ ಪಂಚಾಯ್ತಿಗೆ ಕೊಡಿ. ಅಧಿಕಾರಿ ವರ್ಗವಾಗಿ ಹೋದರೂ ಪಂಚಾಯ್ತಿಯ ಕಡತ ಊರಲ್ಲೇ ಇರುತ್ತದೆ.