ಚಮಚ ವಾಲಿಸಿ ನೋಡಿ

ಮಕ್ಕಳ ತೂಕ, ಉದ್ದ ಅಳೆದು ಕಾರ್ಡಿನಲ್ಲಿ ಚುಕ್ಕಿ ಇಡುವ ನರ್ಸ್ ನಾನು. ಆರು ತಿಂಗಳವರೆಗೆ ಚೆನ್ನಾಗಿ ಏರುತ್ತಿದ್ದ ಗೆರೆ ಏಳು-ಎಂಟನೇ ತಿಂಗಳಲ್ಲಿ ಮಲಗಿಬಿಟ್ಟರೆ ತಾಯಂದಿರನ್ನು ನಾನು ಮೊದಲು ಕೇಳುವುದು "ಏನು ತಿನ್ನಿಸ್ತೀರಿ" ಅಂತ ಅಲ್ಲ, "ಎಷ್ಟು ಗಟ್ಟಿ ಇರುತ್ತೆ" ಅಂತ. "ಪುಟ್ಟ ಮಗು ಅಲ್ವಾ ಸಿಸ್ಟರ್, ನೀರಾಗೇ ಮಾಡ್ತೀವಿ" ಅನ್ನುವವರೇ ಜಾಸ್ತಿ.

ತೊಂದರೆ ಇರುವುದೇ ಅಲ್ಲಿ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಸುವುದು ಕಿಲೋ ತೂಕಕ್ಕೆ ಸುಮಾರು 30 ಮಿಲಿ. ಎಂಟು ಕಿಲೋ ಮಗುವಿಗೆ 240 ಮಿಲಿ, ಅಷ್ಟೇ. ಅದನ್ನು ನೀರಿನಿಂದಲೇ ತುಂಬಿಸಿದರೆ ಮಗು ಮುಖ ತಿರುಗಿಸುತ್ತದೆ, ಮನೆಯವರು ಹೊಟ್ಟೆ ತುಂಬಿತು ಅಂದುಕೊಳ್ಳುತ್ತಾರೆ. ತುಂಬಿದ್ದೇನೋ ನಿಜ, ಮೈಗೆ ಹತ್ತುವಂಥದ್ದು ಒಳಗೆ ಹೋಗಿರುವುದಿಲ್ಲ. ಎದೆಹಾಲು ಕುಡಿಯುವ ಮಗುವಿಗೂ 6–8 ತಿಂಗಳಲ್ಲಿ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು, 9–11 ತಿಂಗಳಲ್ಲಿ 300, ವರ್ಷ ತುಂಬಿದ ಮೇಲೆ 550.

ಪರೀಕ್ಷೆ ಸುಲಭ. ಮಾಡಿದ್ದನ್ನು ಚಮಚದಲ್ಲಿ ತೆಗೆದು ವಾಲಿಸಿ. ಜರ್ರನೆ ಹರಿದುಹೋದರೆ ತೆಳು. ಚಮಚಕ್ಕೆ ಅಂಟಿ ನಿಂತು, ಮುದ್ದೆಯಾಗಿ ಮೆಲ್ಲಗೆ ಜಾರಿದರೆ ಸರಿ. ಗಂಜಿಗೆ ನೀರು ಕಡಿಮೆ ಹಾಕಿ. ಬೇಳೆ ಬೇಯಿಸಿದರೆ ಮೇಲಿನ ತಿಳಿ ನೀವು ಕುಡಿಯಿರಿ, ತಳದ ಬೇಳೆ ಹಿಸುಕಿ ಮಗುವಿಗೆ ಕೊಡಿ. ಮನೆಗಳಲ್ಲಿ ಆಗುವುದು ಇದರ ತಿರುವುಮುರುವು! ಮಾಂಸದ ಸೂಪಿನದೂ ಇದೇ ಕಥೆ, ಸತ್ವವೆಲ್ಲ ತುಂಡಿನಲ್ಲೇ ಉಳಿದಿರುತ್ತದೆ. ತೀರಾ ಗಟ್ಟಿಯಾಯಿತು ಅನ್ನಿಸಿದರೆ ನೀರಿನ ಬದಲು ಎದೆಹಾಲು ಹಿಂಡಿ ಸಡಿಲ ಮಾಡಿ. ಒಂದು ಚಿಕ್ಕ ಚಮಚ ಎಣ್ಣೆಯೋ ಬೆಣ್ಣೆಯೋ ಬೆರೆಸಿದರೆ ಅಳತೆ ಹೆಚ್ಚದೆಯೇ ಶಕ್ತಿ ಹೆಚ್ಚುತ್ತದೆ.

ಗಟ್ಟಿಯಾದ ಮೇಲೆ ಎರಡನೆಯ ಮಾತು, ಕಬ್ಬಿಣಾಂಶ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಪಡೆದ ದಾಸ್ತಾನು ಸುಮಾರು ಆರು ತಿಂಗಳಿಗೆ ಕರಗುತ್ತ ಬರುತ್ತದೆ, ಎದೆಹಾಲಿನಲ್ಲಿ ಅದು ಇರುವುದೇ ಸ್ವಲ್ಪ. ಮಿದುಳು ಭರದಿಂದ ಬೆಳೆಯುವ ಕಾಲವೂ ಇದೇ. ಕೊರತೆಯಾದ ಮಗು ನೋಡಲು ದುಂಡಗೇ ಇರಬಹುದು, ನನ್ನ ತಕ್ಕಡಿಗೂ ಅದು ಗೊತ್ತಾಗುವುದಿಲ್ಲ. ಹಾಗಾಗಿ ಮೊದಲ ವಾರಗಳಿಂದಲೇ ಬೇಳೆಕಾಳು, ಮೊಟ್ಟೆ, ತಿನ್ನುವ ಮನೆಯಾದರೆ ಮಾಂಸ, ಮೀನು ಕೊಡಿ. ಬೇಳೆ, ಸೊಪ್ಪಿನ ಕಬ್ಬಿಣ ಮೈಗೆ ಹಿಡಿಯಲು ಜೊತೆಗೆ ಹುಳಿ ಹಣ್ಣೋ ಟೊಮೆಟೊವೋ ಇರಲಿ. ಟೀ ಬೇಡ, ಒಂದು ಗುಟುಕೂ ಬೇಡ. ತಿಂಗಳು ತುಂಬದೆ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳ ದಾಸ್ತಾನು ಬೇಗ ಮುಗಿಯುತ್ತದೆ, ಅವರಿಗೆ ಹನಿ ಔಷಧಿ ಯಾವಾಗಿನಿಂದ ಅಂತ ಡಾಕ್ಟರನ್ನು ಕೇಳಿ.

ಆರು ತಿಂಗಳ ಒಳಗೆ ಎದೆಹಾಲು ಮಾತ್ರ, ನೀರೂ ಬೇಡ. ಪುಡಿ ಹಾಲು ಕುಡಿಸಲೇಬೇಕಾಗಿ ಬಂದರೆ ಡಬ್ಬಿಯ ಮೇಲಿನ ಅಳತೆ ಬಿಟ್ಟು ಒಂದು ಹನಿ ನೀರೂ ಹೆಚ್ಚು ಹಾಕಬೇಡಿ. ಊಟ ಶುರುವಾದಾಗ ಎರಡು-ಮೂರು ಚಮಚ ಸಾಕು, ದಿನಕ್ಕೆ ಎರಡು-ಮೂರು ಸಲ. ಒಂಬತ್ತು ತಿಂಗಳಿಂದ ಮೂರು-ನಾಲ್ಕು ಸಲ. ನಾಲಿಗೆಯಿಂದ ಹೊರಗೆ ತಳ್ಳಿತು ಅಂದರೆ ಇಷ್ಟವಿಲ್ಲ ಅಂತ ಅಲ್ಲ, ನುಂಗುವುದನ್ನು ಇನ್ನೂ ಕಲಿಯುತ್ತಿದೆ. ನಾಳೆ ಮತ್ತೆ ಅದನ್ನೇ ಕೊಡಿ. ಬಾಯಿ ಬಿಡಿಸಿ ತುರುಕುವುದು, ಫೋನ್ ತೋರಿಸಿ ತಿನ್ನಿಸುವುದು ನನಗಂತೂ ಒಪ್ಪಿಗೆಯಿಲ್ಲ. ಹಸಿವು ಯಾವುದು, ಸಾಕು ಯಾವುದು ಅನ್ನುವುದೇ ಮಗುವಿಗೆ ಮರೆತುಹೋಗುತ್ತದೆ. ವರ್ಷದೊಳಗೆ ಜೇನು ನೆಕ್ಕಿಸಬೇಡಿ, ಬೊಟುಲಿಸಂ ಎಂಬ ಅಪರೂಪದ ಆದರೆ ಜೀವಕ್ಕೆ ಕುತ್ತು ತರಬಲ್ಲ ಕಾಯಿಲೆಯ ಭಯವಿದೆ. ಉಪ್ಪು, ಸಕ್ಕರೆಯೂ ಬೇಡ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಜ್ವರ, ಭೇದಿ ಬಂದಾಗ ಊಟ ನಿಲ್ಲಿಸಬೇಡಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಿ, ಇಳಿದ ತೂಕ ವಾಪಸ್ ಬರುವುದು ಆಗಲೇ.

ಇನ್ನು ಕಾರ್ಡು. ಹುಟ್ಟಿದ ತೂಕ ಸುಮಾರು ಐದು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುತ್ತದೆ. 50 ಸೆಂ.ಮೀ. ಇದ್ದ ಮಗು ಮೊದಲ ಹುಟ್ಟುಹಬ್ಬಕ್ಕೆ 75ರ ಹತ್ತಿರ. ಊಟ ಸಾಲದಿದ್ದರೆ ತೂಕ ಮೊದಲು ನಿಲ್ಲುತ್ತದೆ, ಉದ್ದ ನಿಧಾನಕ್ಕೆ ಹಿಂದೆ ಬೀಳುತ್ತದೆ. ತೂಕವನ್ನು ಮತ್ತೆ ಏರಿಸಬಹುದು, ಕಳೆದ ಉದ್ದವನ್ನು ತುಂಬಿಸುವುದು ಕಷ್ಟ. "ನಮ್ಮ ವಂಶದಲ್ಲೇ ಎಲ್ಲರೂ ಕುಳ್ಳರು" ಅನ್ನುವವರಿಗೆ ನಾನು ಹೇಳುವುದಿಷ್ಟು: ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಈ ನಕ್ಷೆಗೆ ಭಾರತ, ಘಾನಾ, ನಾರ್ವೆ, ಒಮಾನ್, ಬ್ರೆಜಿಲ್, ಅಮೆರಿಕದ ಮಕ್ಕಳನ್ನು ಅಳೆದಿದ್ದರು. ಎದೆಹಾಲು, ಊಟ, ಆರೈಕೆ ಚೆನ್ನಾಗಿ ಸಿಕ್ಕ ಮಕ್ಕಳು ಎಲ್ಲಿಯವರಾದರೂ ಹೆಚ್ಚುಕಮ್ಮಿ ಒಂದೇ ಉದ್ದಕ್ಕೆ ಬೆಳೆದಿದ್ದರು.

ಒಂದೇ ಚುಕ್ಕಿ ನೋಡಿ ಗಾಬರಿಯಾಗಬೇಡಿ, ಪಕ್ಕದ ಮನೆ ಮಗುವಿನ ಜೊತೆ ತೂಗಿಯೂ ನೋಡಬೇಡಿ. ಗೆರೆ ಎರಡು ತಿಂಗಳು ಮಲಗಿದ್ದರೆ ಅಥವಾ ಕೆಳಗೆ ಇಳಿದಿದ್ದರೆ ತಡಮಾಡದೆ ಕರೆತನ್ನಿ. ಬರುವಾಗ ಕಾರ್ಡಿನ ಜೊತೆಗೆ, ಹಿಂದಿನ ದಿನ ಮಗು ಏನೇನು ತಿಂದಿತು, ಎಷ್ಟೆಷ್ಟು ಅಂತ ಚೀಟಿಯಲ್ಲಿ ಬರೆದು ತನ್ನಿ.