ಇಬ್ನ್ ಬತೂತ ಮತ್ತು ವಂತಿಗೆ ಪುಸ್ತಕ

ಮಂಗಳೂರಿನ ಬಂದರು ಪರಿಸರದ ಕೆಲವು ಕಾಲೇಜು ವಿದ್ಯಾರ್ಥಿಗಳು ಇಸ್ಲಾಮೀ ಆಡಳಿತವೆಂದರೆ ಏನೆಂದು ಕೇಳಿದಾಗ, ಇತಿಹಾಸ ಕಲಿಸಿದ ಹಳೆಯ ಚಾಳಿಯಂತೆ ನಾನು ಇಸವಿಗಳಿಂದ ಆರಂಭಿಸಿದೆ: 632ರಲ್ಲಿ ಪ್ರವಾದಿಯವರ ನಂತರ ಮೊದಲ ಖಲೀಫರಾಗಿ ಅಬೂಬಕ್ಕರ್ ಅವರ ಆಯ್ಕೆ, 1924ರಲ್ಲಿ ತುರ್ಕಿಯ ಸಂಸತ್ತು ಖಿಲಾಫತನ್ನು, ಅಂದರೆ ಖಲೀಫರ ಪೀಠವನ್ನು, ರದ್ದುಪಡಿಸಿದ್ದು, 1979ರ ಇರಾನ್ ಕ್ರಾಂತಿ. ಮೂರನೆಯ ವಾರಕ್ಕೆ ಐವರಷ್ಟೇ ಉಳಿದರು. ಅವರಲ್ಲೂ ಇಬ್ಬರು ತೂಕಡಿಸುತ್ತಿದ್ದರು.

ಮುಂದಿನ ವಾರ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತನ ಪ್ರವಾಸಕಥನದ ಒಂದೇ ಪುಟವನ್ನು ಒಯ್ದೆ. 14ನೆಯ ಶತಮಾನದ ಮಂಗಳೂರಿನಲ್ಲಿ, ಅವನ ಬಾಯಲ್ಲಿ ‘ಮಂಜರೂರ್’, ಸುಮಾರು 4,000 ಮುಸ್ಲಿಮರಿದ್ದರು. ಅವರಿಗೊಬ್ಬ ಖಾಝಿ, ಅಂದರೆ ಶಾಫಿಈ ಪಂಥದ ನ್ಯಾಯಾಧೀಶ, ಇದ್ದ. ಅರಸ ಮಾತ್ರ ಹಿಂದೂ. ಊರವರೊಂದಿಗೆ ಜಗಳಗಳೂ ಆಗುತ್ತಿದ್ದವು, ವ್ಯಾಪಾರಿಗಳು ಬೇಕಾಗಿದ್ದರಿಂದ ಅರಸನೇ ರಾಜಿ ಮಾಡಿಸುತ್ತಿದ್ದ. ಬ್ಯಾರಿ ಮಾತನಾಡುತ್ತ, ತುಳುವಿನಲ್ಲಿ ಚೌಕಾಸಿ ಮಾಡುತ್ತ, ಕನ್ನಡದಲ್ಲಿ ಅರ್ಜಿ ಬರೆಯುವ ಈ ಮಕ್ಕಳಿಗೆ, ತಮ್ಮ ಮುಸ್ಲಿಮತನ ಸಿಂಹಾಸನದ ಆಸರೆಯಿಲ್ಲದೆ ಕಡಲ ವ್ಯಾಪಾರದ ಬೆನ್ನಿಗೆ ಬೆಳೆದದ್ದೆಂಬುದು ಅಂದು ಹೊಸ ಸುದ್ದಿಯಾಗಿತ್ತು.

ಆಮೇಲೆಯೇ ವಾದಗಳಿಗೆ ಬಂದೆ. 1941ರಲ್ಲಿ ಲಾಹೋರಿನಲ್ಲಿ ಜಮಾಅತೆ ಇಸ್ಲಾಮಿ ಕಟ್ಟಿದ ಮೌದೂದಿಯವರಿಗೆ ಪರಮಾಧಿಕಾರ ದೇವರದ್ದು ಮಾತ್ರ, ಆದ್ದರಿಂದ ರಾಜ್ಯವೂ ಅವನ ಕಾನೂನಿಗೆ ಬದ್ಧ. ಈಜಿಪ್ಟಿನ ಅಲೀ ಅಬ್ದುರ್ರಾಝಿಕ್ 1925ರಲ್ಲೇ ಪ್ರವಾದಿಯವರದು ಸಂದೇಶವೇ ಹೊರತು ಪ್ರಭುತ್ವವಲ್ಲವೆಂದು ವಾದಿಸಿದ್ದರು. ಕೈರೋದ ಇಸ್ಲಾಮೀ ವಿದ್ಯಾಪೀಠ ಅಲ್ ಅಝ್‌ಹರ್‌ನ ಹಿರಿಯ ಉಲಮಾಗಳು, ಅಂದರೆ ಧರ್ಮವಿದ್ವಾಂಸರು, ಅದೇ ವರ್ಷ ಅವರನ್ನು ತಮ್ಮ ಸಾಲಿನಿಂದ ಹೊರಹಾಕಿದರು. “ದೇವರ ಕಾನೂನೆಂದರೂ ಅದನ್ನು ಓದಿ ಹೇಳುವವರು ಮನುಷ್ಯರೇ ಅಲ್ಲವೇ ಸರ್, ಕೊನೆಗೆ ಮತ್ತೆ ಕಮಿಟಿಯೇ” ಎಂದ ಒಬ್ಬ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಕಮಿಟಿಯ ಮಾತು ಬಂದದ್ದರಿಂದ ಒಂದು ಮಸೀದಿಯ ಜಮಾಅತಿನ, ಅಂದರೆ ಅದಕ್ಕೆ ಸೇರಿದವರ ಕೂಟದ, ಹಳೆಯ ವಂತಿಗೆ ಪುಸ್ತಕವನ್ನು ಕಡ ತಂದು ಮೇಜಿನ ಮೇಲಿಟ್ಟೆ. ಶುಕ್ರವಾರದ ಪ್ರವಚನ ನೀಡುವ ಖತೀಬರ ಸಂಬಳ ನಿಗದಿ ಮಾಡುವವರು ಯಾರು, ಲೆಕ್ಕ ಓದುವುದು ಯಾರೆದುರು, ಅಧ್ಯಕ್ಷರನ್ನು ಇಳಿಸುವುದು ಹೇಗೆ ಎಂದು ಅವರೇ ಕೇಳತೊಡಗಿದರು. ತಪ್ಪಿದರೆ ತಿದ್ದಿರೆಂದು ಅಬೂಬಕ್ಕರ್ ತಮ್ಮ ಮೊದಲ ಭಾಷಣದಲ್ಲಿ ಕೇಳಿಕೊಂಡ ಮಾತು ಆಗ ತಾನಾಗಿ ಒದಗಿಬಂತು.

ಪುಟ ತಿರುಗಿಸುತ್ತಿದ್ದ ಹುಡುಗಿಯೊಬ್ಬಳು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಯಜಮಾನನ ಹೆಸರಿನ ಹಿಂದೆ ಕೆಂಪು ಶಾಯಿಯಲ್ಲಿ ‘ಮರ್ಹೂಮ್’ (ದಿವಂಗತ) ಎಂದು ಸೇರಿಸಿ, ಹನ್ನೊಂದು ವರ್ಷ ಅದೇ ಹೆಸರಿಗೆ ವಂತಿಗೆ ಜಮಾ ಮಾಡಲಾಗಿತ್ತು. “ಕಟ್ಟಿದವಳು ಹೆಂಡತಿಯಲ್ಲವೇ? ಮಹಾಸಭೆಗೆ ಕರೆ ಯಾರಿಗೆ ಹೋಗುತ್ತಿತ್ತು?” ಎಂದು ಕೇಳಿದಳು. ಮುಂದಿನ ಎರಡು ವಾರ ನಾವು ಆ ಸಾಲನ್ನು ಬಿಟ್ಟು ಬೇರೇನನ್ನೂ ಓದಲಿಲ್ಲ.