ಕಿಚನ್ ಶೋರೂಮ್ ಹಾಕ್ತೀರಾ? ಮೊದಲು ರೊಟ್ಟಿ ಬಡಿಯಲು ಜಾಗ ಇಡಿ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಾನು ಮೊದಲ ಸಲ ಶೋರೂಮ್ ಹಾಕಿದಾಗ ಆರು ಕಿಚನ್ ಜೋಡಿಸಿದ್ದೆ. ಆರೂ ಬಿಳಿ, ಆರೂ ಕನ್ನಡಿ ಹಾಗೆ ಹೊಳೆಯುವಂಥವು. ಬಂದವರು ಕೈ ಹಿಂದೆ ಕಟ್ಟಿಕೊಂಡು ನೋಡಿ, "ಚಲೋ ಅದಾವ್ರಿ" ಅಂದು ಹೋಗುತ್ತಿದ್ದರು. ಒಂದು ದಿನ ಕುಂದಗೋಳ ಕಡೆಯ ಅಜ್ಜಿಯೊಬ್ಬರು ಮಗ-ಸೊಸೆ ಜೊತೆ ಬಂದರು. ಸೀದಾ ಕಟ್ಟೆ ಹತ್ತಿರ ಹೋಗಿ, ರೊಟ್ಟಿ ಬಡಿದ ಹಾಗೆ ಅಂಗೈಯಿಂದ ಪಟಪಟ ನಾಲ್ಕು ಸಲ ಬಡಿದರು. ಕಟ್ಟೆ, ಕಪಾಟು ಎಲ್ಲವನ್ನೂ ನಾನು ಒಂದೇ ಪ್ಲೈ ಗೋಡೆಗೆ ನಿಲ್ಲಿಸಿದ್ದೆ. ಮೇಲಿದ್ದ ಪಿಂಗಾಣಿ ಕಪ್ಪುಗಳು ಖಣಖಣ ಅಂದವು. "ದಿನಾ ಇಪ್ಪತ್ತು ರೊಟ್ಟಿ ಬಡದ್ರ ಇದು ತಡೀತೈತೇನೋ ತಮ್ಮಾ?" ಅಂದರು. ನಾನು ಏನೂ ಹೇಳಲಿಲ್ಲ. ಅವರೂ ಏನೂ ಕೊಳ್ಳಲಿಲ್ಲ.

ಆರು ಬೇಡ, ಮೂರು ಕಿಚನ್ ಸಾಕು. ಅದರಲ್ಲಿ ಒಂದು ನಿಜವಾಗಿ ಅಡುಗೆ ಮಾಡುವಂಥದ್ದಿರಲಿ. ನಲ್ಲಿ ತಿರುವಿದರೆ ನೀರು ಬರಬೇಕು, ಸಿಂಕಿನಿಂದ ಹೋಗಬೇಕು, ಒಲೆ ಹತ್ತಬೇಕು, ಚಿಮಣಿ ಹೊಗೆ ಎಳೆಯಬೇಕು. ಗಿರಾಕಿಗೆ ಕೊಡುವ ಚಹಾ ಅಲ್ಲೇ ಕುದಿಯಲಿ, ಹೋಟೆಲಿಂದ ತರಿಸಬೇಡಿ. ಒಂದು ಎಚ್ಚರ: ಮನೆಯ 14.2 ಕೆಜಿ ಸಿಲಿಂಡರ್ ಅಂಗಡಿಯಲ್ಲಿ ಬಳಸುವ ಹಾಗಿಲ್ಲ, 19 ಕೆಜಿಯ ಕಮರ್ಷಿಯಲ್ ಸಿಲಿಂಡರನ್ನೇ ತಗೊಳ್ಳಿ. ಇನ್ನು ಆಗ್ನೇಯ ಮೂಲೆಯಲ್ಲಿ, ಅಡುಗೆ ಮಾಡುವವರ ಮುಖ ಪೂರ್ವಕ್ಕೆ ಬರುವ ಹಾಗೆ ಒಲೆ ಇಡಿ. ನಿಮಗೆ ವಾಸ್ತುವಿನಲ್ಲಿ ನಂಬಿಕೆ ಇದೆಯೋ ಇಲ್ಲವೋ, ಬಂದವರಲ್ಲಿ ಒಬ್ಬರಾದರೂ ದಿಕ್ಕು ಕೇಳೇ ಕೇಳುತ್ತಾರೆ, ಆಮೇಲೆ ಅರ್ಧ ಗಂಟೆ ಅದೇ ಮಾತು.

ಕಟ್ಟೆಯ ಎತ್ತರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಂಪನಿ ಕ್ಯಾಟಲಾಗ್ ನೋಡಿ ಎಲ್ಲ ಕಡೆ 34 ಇಂಚು ಇಟ್ಟುಬಿಡುತ್ತೇವೆ. ತರಕಾರಿ ಹೆಚ್ಚಲು ಅದು ಸರಿ. ಜೋಳದ ಹಿಟ್ಟು ನಾದುವಾಗ ಮೈ ಭಾರ ಕೈ ಮೇಲೆ ಬೀಳಬೇಕು, ಕಟ್ಟೆ ಎತ್ತರವಾದರೆ ಭುಜ ಹಿಡಿಯುತ್ತದೆ. ಅದಕ್ಕೇ ನಾನೀಗ ಎರಡೂವರೆ ಅಡಿ ಅಗಲದಷ್ಟು ಕಟ್ಟೆಯನ್ನು 30 ಇಂಚಿಗೆ ಇಳಿಸಿ, ಕೆಳಗೆ ಇಟ್ಟಿಗೆ ಗೋಡೆ ಕೊಟ್ಟು, ಮೇಲೆ ದಪ್ಪ ಗ್ರಾನೈಟ್ ಹಾಕಿಸಿದ್ದೇನೆ. ಪಕ್ಕದಲ್ಲಿ ಒಂದು ಪರಾತ, ಒಂದು ಡಬ್ಬಿ ಹಿಟ್ಟು. "ಬಡದು ನೋಡ್ರಿ ಅಕ್ಕಾರ" ಅಂದರೆ ಮೊದಲು ನಾಚಿಕೊಳ್ಳುತ್ತಾರೆ, ಆಮೇಲೆ ಸೆರಗು ಸಿಕ್ಕಿಸಿಕೊಂಡು ಶುರು ಮಾಡುತ್ತಾರೆ. ಕೈಗೆ ಹಿಟ್ಟು ಹತ್ತಿದ ಮೇಲೆ ಅವರೇ ಕೇಳುತ್ತಾರೆ: ಕಾಳಿನ ಡಬ್ಬಿ ಎಲ್ಲಿ, ತವಾ ಎಲ್ಲಿ, ಕೊಡ ಎಲ್ಲಿ ಇಡೋದು ಅಂತ.

ಕೊಡದ ಪ್ರಶ್ನೆ ಸಣ್ಣದಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ, ಗದಗಿನಲ್ಲಿ ದಿನಾ ನಲ್ಲಿ ನೀರು ಬಾರದ ಓಣಿಗಳು ಬೇಕಾದಷ್ಟಿವೆ. ನೀರು ತುಂಬಿಡಲು ಜಾಗ ತೋರಿಸದ ಕಿಚನ್ ಅವರಿಗೆ ಟೀವಿಯೊಳಗಿನ ಕಿಚನ್ ಅಷ್ಟೇ. ಸಿಂಕ್ ಪಕ್ಕ ಬಾಗಿಲಿಲ್ಲದ ಒಂದು ಗೂಡು ಬಿಡಿ, ನೆಲಕ್ಕೆ ಕಲ್ಲು ಹಾಕಿ. ಸಿಲಿಂಡರ್ ಗೂಡಿನ ಬಾಗಿಲಿಗೆ ಕೆಳಗಡೆ ಜಾಲರಿ ಇರಲಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ, ಇದನ್ನು ಗಿರಾಕಿಗೂ ಹೇಳಿ.

ಟ್ರಾಲಿಗಳನ್ನು, ಅಂದರೆ ಕಟ್ಟೆ ಕೆಳಗಿನ ಎಳೆದು ತೆಗೆಯುವ ಖಾನೆಗಳನ್ನು, ಖಾಲಿ ಇಡಬೇಡಿ. ಖಾಲಿ ಟ್ರಾಲಿ ಯಾವುದಾದರೂ ಬೆಣ್ಣೆ ಹಾಗೇ ಜಾರುತ್ತದೆ, ಅಲ್ವಾ? ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಡಬ್ಬಿ, ಕುಕ್ಕರ್, ಹತ್ತು ಕೆಜಿ ಜೋಳ ತುಂಬಿಡಿ. ಟ್ರಾಲಿ ಜಾರುವ ಹಳಿಗೆ ಚಾನಲ್ ಅಂತಾರೆ. 30 ಕೆಜಿ ತಡೆಯುವ ಚಾನಲ್ ಒಂದು, 50 ಕೆಜಿಯದು ಒಂದು ಪಕ್ಕಪಕ್ಕ ಹಾಕಿದರೆ, ಬೆಲೆ ಯಾಕೆ ಜಾಸ್ತಿ ಅಂತ ನೀವು ಬಾಯಿ ನೋಯಿಸಿಕೊಂಡು ಹೇಳಬೇಕಾಗಿಲ್ಲ.

ಬಾಗಿಲ ಹತ್ತಿರ ಮೂರು ಗಾಜಿನ ಬರಣಿ ಇಟ್ಟಿದ್ದೇನೆ. ಮೂರರಲ್ಲೂ ನೀರು. ಒಂದರೊಳಗೆ ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಒಂದರೊಳಗೆ ಮರದ ನಾರು ಒತ್ತಿ ಮಾಡಿದ ಎಂಡಿಎಫ್, ಇನ್ನೊಂದರಲ್ಲಿ ಐಎಸ್ 710 (ನೀರು ತಡೆಯುವ ಪ್ಲೈಗೆ ಇರುವ ಭಾರತೀಯ ಮಾನದಂಡ) ಗುರುತಿನ ಪ್ಲೈ. ಮುಳುಗಿಸಿದ ತಾರೀಖು ಚೀಟಿ ಮೇಲೆ. ಪಾರ್ಟಿಕಲ್ ಬೋರ್ಡ್ ಉಬ್ಬಿ ಅವಲಕ್ಕಿ ಆಗುತ್ತದೆ. 710 ಅಂದರೆ 72 ತಾಸು ಕುದಿಸಿದರೂ ಪದರ ಬಿಡದ ಪ್ಲೈ ಅಂತ ಎಷ್ಟು ಸಲ ಹೇಳಿದರೂ ಕಣ್ಣಿಗೆ ಬೀಳುವ ಬರಣಿಯ ಮುಂದೆ ಅದು ಸುಮ್ನೆ ಮಾತು.

ಬೆಳಕು: ಹಳದಿ ಲೈಟ್ ಹಾಕಿದರೆ ಎಲ್ಲವೂ ಚೆಂದ ಕಾಣುತ್ತದೆ, ಅದೇ ತೊಂದರೆ. ಇಲ್ಲಿ ಬಾದಾಮಿ ಬಣ್ಣ ಅಂತ ಆರಿಸಿದ ಸನ್ಮೈಕಾ ಮನೆಗೆ ಹೋದ ಮೇಲೆ ಬೂದಿ ಬಣ್ಣ ಆಗಿರುತ್ತದೆ, ಫೋನ್ ನಿಮಗೇ ಬರುತ್ತದೆ. ಹಳದಿಯೂ ಅಲ್ಲದ, ನೀಲಿ ಬಿಳಿಯೂ ಅಲ್ಲದ ನಡುವಿನ 4000 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಲೈಟ್ ಹಾಕಿ, ಸ್ಯಾಂಪಲ್ಲುಗಳನ್ನು ಕಿಟಕಿ ಹತ್ತಿರ ಇಡಿ. ಆದರೆ ಪಡುವಣ ಗಾಜಿಗೆ ಪರದೆ ಬೇಕೇ ಬೇಕು, ಮಧ್ಯಾಹ್ನದ ಬಿಸಿಲು ಬಾಗಿಲಿನ ಬಣ್ಣ ಹೀರಿಬಿಡುತ್ತದೆ. ಹೊಳೆಯುವ ಕಪ್ಪು ಬಾಗಿಲಂತೂ ಬೇಡ. ನಮ್ಮ ರಸ್ತೆ ಧೂಳಿಗೆ ಹುಡುಗ ದಿನಕ್ಕೆ ಮೂರು ಸಲ ಒರೆಸುತ್ತಾ ಕೂರಬೇಕಾಗುತ್ತದೆ.

ನೆಲ ಫಳಫಳ ಹೊಳೆದರೆ ಮಂದಿ ಹೊಸ್ತಿಲಲ್ಲೇ ನಿಂತು "ಚಪ್ಪಲಿ ಬಿಡಬೇಕೇನ್ರಿ?" ಅಂತ ಕೇಳುತ್ತಾರೆ. ಕೆಲವರು ಕೇಳುವುದೂ ಇಲ್ಲ, ಅಲ್ಲಿಂದಲೇ ನೋಡಿ ಮುಂದೆ ಹೋಗುತ್ತಾರೆ. ಒರಟು ಟೈಲ್ಸ್ ಹಾಕಿ, "ಚಪ್ಪಲಿ ಹಾಕಿಕೊಂಡೇ ಬನ್ನಿ" ಅಂತ ಬರೆಸಿ. ನಮ್ಮ ಕಡೆ ಅಡುಗೆಮನೆ ನೋಡಲು ಒಬ್ಬರೇ ಬರುವುದಿಲ್ಲ. ಅತ್ತೆ, ಸೊಸೆ, ಮಗ, ಒಮ್ಮೊಮ್ಮೆ ಬಡಗಿಯೂ ಬರುತ್ತಾನೆ. ಎದುರುಬದುರು ಕಟ್ಟೆಗಳ ನಡುವೆ ನಾಲ್ಕು ಅಡಿ ಬಿಡಿ, ಹಿರಿಯರಿಗೆ ಕೈಯಿರುವ ಎರಡು ಗಟ್ಟಿ ಕುರ್ಚಿ ಹಾಕಿ. ಸೋಫಾ ಬೇಡ, ಮೊಣಕಾಲು ನೋವಿನವರು ಅದರಿಂದ ಏಳುವುದೇ ಕಷ್ಟ.

ಬೆಲೆ ಮುಚ್ಚಿಡಬೇಡಿ. ಪ್ರತಿ ಕಿಚನ್ ಮೇಲೂ ಒಂದು ಹಾಳೆ ಅಂಟಿಸಿ: ಇಷ್ಟು ಅಡಿ, ಈ ಪ್ಲೈ, ಈ ಚಾನಲ್, ಇಷ್ಟು ರೂಪಾಯಿ. ಚಿಮಣಿ, ಒಲೆ, ಕಲ್ಲು ಸೇರಿವೆಯೋ ಇಲ್ಲವೋ ದಪ್ಪ ಅಕ್ಷರದಲ್ಲಿ. ಬಸವ ಜಯಂತಿ, ಅಕ್ಷಯ ತದಿಗೆ ಹೊತ್ತಿಗೆ ಗೃಹಪ್ರವೇಶ ಇಟ್ಟುಕೊಂಡವರು ಜನವರಿಯಿಂದಲೇ ನೋಡಲು ಬರುತ್ತಾರೆ. ಹಾಳೆಯ ಕೊನೆಗೆ, ಅಳತೆ ತಗೊಂಡ ಮೇಲೆ ಎಷ್ಟು ದಿನಕ್ಕೆ ಕೂರಿಸಿಕೊಡುತ್ತೀರಿ ಅನ್ನುವುದನ್ನೂ ಬರೆಯಿರಿ. ನಿಮ್ಮಿಂದ ಆಗುವಷ್ಟು ದಿನ ಬರೆದು, ಅದಕ್ಕೆ ಇನ್ನೊಂದು ವಾರ ಸೇರಿಸಿ.